ದೀಪಾವಳಿ ಕೆಲಸದಲ್ಲಿ ಪುಟ್ಟ ಬೆರಳುಗಳಿಗೂ ಪಾಲಿರಲಿ

ದೀಪಾವಳಿ ಹತ್ತಿರ ಬಂತು ಅಂದರೆ ಮನೆಯಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ. ಬತ್ತಿ ಹೊಸೆಯಬೇಕು, ತೋರಣ ಕಟ್ಟಬೇಕು, ಗೂಡುದೀಪ ತೂಗುಹಾಕಬೇಕು. ಈ ಗಡಿಬಿಡಿಯಲ್ಲಿ ಡೌನ್ ಸಿಂಡ್ರೋಮ್, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಸುಮ್ನೆ ಟಿವಿ ಮುಂದೆ ಕೂರಿಸಿಬಿಡುತ್ತೇವೆ. ‘ಪಾಪ, ಅದರ ಕೈಲಿ ಆಗಲ್ಲ’ ಅನ್ನುತ್ತೇವೆ. ಆದರೆ ಅಂಗಿ ಗುಂಡಿ ಹಾಕಿಕೊಳ್ಳಲು, ಪೆನ್ಸಿಲ್ ಹಿಡಿಯಲು, ತಾನೇ ತುತ್ತು ಕಲಸಿ ತಿನ್ನಲು ಬೇಕಾದ ಬೆರಳಿನ ಹಿಡಿತವನ್ನು ಬೆಳೆಸುವುದು ಇವೇ ಕೆಲಸಗಳು. ಇದಕ್ಕಾಗಿ ದುಡ್ಡು ಕೊಟ್ಟು ಕ್ರಾಫ್ಟ್ ಕಿಟ್ ತರಬೇಕಿಲ್ಲ. ಹಬ್ಬಕ್ಕೆ ನಿಜವಾಗಿ ಬೇಕಾದ ಕೆಲಸವನ್ನೇ ಮಗುವಿಗೆ ಕೊಡಿ.

ಮೊದಲು ಕೂರುವುದು ಸರಿಯಾಗಲಿ

ಮೈ ಅಲುಗಾಡುತ್ತಿದ್ದರೆ ಬೆರಳು ನಿಲ್ಲುವುದಿಲ್ಲ. ಮಗುವಿನ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕಾಲ ಕೆಳಗೆ ಮಣೆ ಇಡಿ. ಮೇಜು ಮೊಣಕೈ ಮಟ್ಟದಲ್ಲಿರಲಿ. ಬೆನ್ನು ಬೇಗ ಬಾಗುವ ಮಗುವಿಗೆ ಹಿಂದೆ ದಿಂಬು ಕೊಡಿ. ಇಷ್ಟು ಮಾಡಿದರೆ ಅರ್ಧ ಕೆಲಸ ಸಲೀಸು.

ಹೂಬತ್ತಿ

ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಇದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ದುಡಿಯುತ್ತವೆ. ಪೆನ್ಸಿಲ್ ಹಿಡಿಯಲು ಬೇಕಾದವೂ ಇವೇ ಮೂರು.

ಬೀಜ ತೆಗೆದ ಹತ್ತಿಯನ್ನು ಅಡಿಕೆ ಗಾತ್ರದಷ್ಟು ಕಿತ್ತುಕೊಳ್ಳಿ. ಅಂಗೈ ಮೇಲಿಟ್ಟು ಗುಂಡಗೆ, ಚಪ್ಪಟೆಯಾಗಿ ಹರಡಿ. ಅಂಚುಗಳನ್ನೆಲ್ಲ ಮೇಲೆತ್ತಿ ಸೇರಿಸಿ. ಬೆರಳ ತುದಿಗೆ ಒಂದು ಹನಿ ಹಾಲನ್ನೋ ಚೂರು ವಿಭೂತಿಯನ್ನೋ ಹಚ್ಚಿಕೊಂಡು ಆ ತುದಿಯನ್ನು ತಿರುಚಿ. ಹಾಲು, ವಿಭೂತಿ ಇದ್ದರೆ ಹತ್ತಿ ಜಾರುವುದಿಲ್ಲ.

ಇದನ್ನು ಮಗುವಿಗೆ ಹೇಳಿಕೊಡುವಾಗ ಕೊನೆಯಿಂದ ಶುರು ಮಾಡಿ. ಹರಡುವುದು, ಅಂಚು ಸೇರಿಸುವುದು ಎಲ್ಲ ನೀವೇ ಮಾಡಿ. ಕಡೆಯ ಒಂದು ತಿರುವು ಮಾತ್ರ ಮಗುವಿಗೆ ಬಿಡಿ. ಬತ್ತಿ ಮುಗಿದದ್ದು ಅದರ ಕೈಯಲ್ಲೇ ತಾನೇ? ಆ ಖುಷಿಗೇ ಇನ್ನೊಂದು ಮಾಡುತ್ತದೆ. ತಿರುಚುವುದು ಕೈಗೆ ಹತ್ತಿದ ಮೇಲೆ ಅಂಚು ಸೇರಿಸುವುದನ್ನೂ ಬಿಟ್ಟುಕೊಡಿ, ಆಮೇಲೆ ಹರಡುವುದನ್ನು. ಸಹಾಯ ಬೇಕೆನಿಸಿದರೆ ಮಗುವಿನ ಕೈ ಹಿಡಿದು ಎಳೆಯಬೇಡಿ. ನಿಮ್ಮ ಕೈಯನ್ನು ಅದರ ಕೈಯ ಕೆಳಗಿಡಿ. ಬೇಡವೆನಿಸಿದಾಗ ಮಗು ತಾನಾಗಿ ಕೈ ತೆಗೆಯಬಹುದು.

ಬತ್ತಿ ಸೊಟ್ಟ ಬಂದರೆ ಬರಲಿ. ಮಗು ಆಚೆ ಹೋದ ಮೇಲೆ ಅದನ್ನು ಬಿಚ್ಚಿ ಸರಿಮಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳಿಗೆ ಗೊತ್ತಾಗುತ್ತದೆ. ಆ ಬತ್ತಿಯನ್ನೇ ತುಳಸಿಕಟ್ಟೆಯ ಹಣತೆಗೆ ಹಾಕಿ. ಹಚ್ಚುವ ಕೆಲಸ ಮಾತ್ರ ದೊಡ್ಡವರದ್ದು.

ಆಟಿಸಂ ಇರುವ ಕೆಲವು ಮಕ್ಕಳಿಗೆ ಹತ್ತಿ ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ. ಅದು ಹಠವಲ್ಲ. ಬಲವಂತ ಮಾಡದೆ ಹೂವಿನ ಕೆಲಸ ಕೊಡಿ.

ಚೆಂಡು ಹೂ

ಎಸಳು ಕೀಳುವುದೇ ಒಂದು ಕೆಲಸ. ಒಂದೊಂದೇ ಎಸಳನ್ನು ಎರಡು ಬೆರಳಲ್ಲಿ ಚಿವುಟಿ ಎಳೆದು ಬಟ್ಟಲಿಗೆ ಹಾಕಲಿ. ಬಾಗಿಲ ಮುಂದೆ ನೀವು ಬರೆದ ರಂಗೋಲಿಯ ಮನೆಗಳನ್ನು ಆ ಎಸಳಿನಿಂದಲೇ ತುಂಬಲಿ.

ಪೋಣಿಸುವುದು ಇದಕ್ಕಿಂತ ಕಷ್ಟ. ದಾರ ಬಾಗುತ್ತದೆ, ಮಗುವಿಗೆ ಸಿಟ್ಟು ಬರುತ್ತದೆ. ಹಾಗಾಗಿ ಮೊದಲು ಚೂಪು ಮುರಿದ ಪೊರಕೆ ಕಡ್ಡಿ ಕೊಡಿ. ಹೂವಿನ ನಡುವೆ ತೂತನ್ನು ನೀವೇ ಮಾಡಿಡಿ. ಕಡ್ಡಿ ರೂಢಿಯಾದ ಮೇಲೆ ಶೂ ಲೇಸ್ ಕೊಡಿ, ಅದರ ತುದಿ ಗಟ್ಟಿಯಿರುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ ಒಂದು ಕೈ ಬಿಗಿಯಾಗಿರುವ ಮಗು ಆ ಕೈಯಲ್ಲಿ ಹೂವನ್ನು ಅದುಮಿ ಹಿಡಿಯಲಿ, ಇನ್ನೊಂದು ಕೈ ಪೋಣಿಸಲಿ. ಬಿಗಿಯಾದ ಕೈಗೂ ಒಂದು ಕೆಲಸ ಸಿಗಬೇಕು.

ಉತ್ತರ ಕರ್ನಾಟಕದ ಮನೆಗಳಲ್ಲಿ ಬಲಿಪಾಡ್ಯಮಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೂ ಸಿಕ್ಕಿಸುತ್ತಾರಲ್ವಾ, ಆ ಹೂ ಸಿಕ್ಕಿಸುವ ಕೆಲಸವನ್ನೂ ಮಕ್ಕಳಿಗೇ ಬಿಡಿ. ಮೆತ್ತಗಿರುವುದರಿಂದ ಬೆರಳಲ್ಲಿ ಬಲ ಕಮ್ಮಿ ಇರುವ ಮಗುವಿಗೂ ಒತ್ತಲು ಆಗುತ್ತದೆ. ಪಟ್ಟಣದಲ್ಲಿರುವವರು 2 ಲೋಟ ಮೈದಾ, 1 ಲೋಟ ಉಪ್ಪು, 1 ಲೋಟ ನೀರು ಕಲಸಿ ಇದನ್ನೇ ಮಾಡಬಹುದು. ಉಪ್ಪು ಜಾಸ್ತಿ ಇರುವುದರಿಂದ ಆ ಹಿಟ್ಟು ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಗೂಡುದೀಪ

ಬಿದಿರು ಕಡ್ಡಿಯ ಚೌಕಟ್ಟು ನಿಮ್ಮದು, ಬಣ್ಣದ ಕಾಗದ ಮಗುವಿನದು. ಮೊದಲು ಹರಿಯಲಿ. ಎರಡು ಕೈಯ ಬೆರಳುಗಳು ಎದುರುಬದುರಾಗಿ ಎಳೆಯುವುದು ಕತ್ತರಿಗೆ ಬೇಕಾದ ತಯಾರಿ. ಆಮೇಲೆ ತುದಿ ಮೊಂಡಾದ ಕತ್ತರಿ ಕೊಡಿ. ಶುರುವಿಗೆ ತೆಳು ಕಾಗದ ಬೇಡ, ಅದು ಮಡಚಿಕೊಳ್ಳುತ್ತದೆ. ಹಳೆಯ ಮದುವೆ ಕರೆಯೋಲೆ ಒಳ್ಳೆಯದು. ಬೆರಳಗಲದ ಪಟ್ಟಿ ಮಾಡಿಕೊಟ್ಟರೆ ಒಂದು ಸಲ ಕತ್ತರಿಸಿದರೆ ಒಂದು ತುಂಡು. ಹೆಬ್ಬೆರಳು ಮೇಲ್ಮುಖವಾಗಿರಲಿ. ಕತ್ತರಿ ಬಿಚ್ಚಲು ಕಷ್ಟಪಡುವ ಮಗುವಿಗೆ ತಾನಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಸಿಗುತ್ತದೆ.

ಅಂಟಿಸುವಾಗ ಕಾಗದವನ್ನು ಮೇಜಿನ ಮೇಲಿಡುವ ಬದಲು ಗೋಡೆಗೆ ಟೇಪ್ ಹಾಕಿ ನಿಲ್ಲಿಸಿ. ಎದುರಿಗೆ ನಿಂತು ಅಂಟಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ, ಬೆರಳುಗಳಿಗೆ ಬಲ ಸಿಗುತ್ತದೆ. ಗೋಂದಿನ ಅಂಟು ಸಹಿಸದ ಮಗುವಿಗೆ ಬ್ರಷ್ ಕೊಡಿ. ಒಳಗೆ ಬ್ಯಾಟರಿ ದೀಪವೇ ಇರಲಿ.

ಎಷ್ಟು ಹೊತ್ತು?

ಮಗು ಕೈ ಕೊಡವಲು, ಮೇಜಿಗೆ ತಲೆ ಆನಿಸಲು ಶುರು ಮಾಡುವ ಮೊದಲೇ ನಿಲ್ಲಿಸಿ. ದಿನಾ ಸ್ವಲ್ಪ ಹೊತ್ತು ಕೂತರೆ ಸಾಕು. ಪಟಾಕಿ ಸದ್ದಿಗೆ ಬೆಚ್ಚುವ ಮಗುವಾದರೆ ಸಂಜೆ ಬೇಡ, ಬೆಳಿಗ್ಗೆ ಕೂರಿಸಿ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿನ ಪಕ್ಕದಿಂದ ಏಳಲೇಬೇಡಿ. ಹತ್ತಿ, ಹೂವಿನ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಕೈ ತೀರಾ ಬಿಗಿಯಾಗಿದ್ದರೆ ಅಥವಾ ಮಗು ಒಂದು ಕೈಯನ್ನು ಬಳಸುವುದೇ ಇಲ್ಲವಾದರೆ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ತರಬೇತಿ ಕೊಡುವ ತಜ್ಞರು) ನೋಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಜಿಲ್ಲಾ ಆಸ್ಪತ್ರೆಗೆ ಹೋಗಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ, ಎಲ್ಲಿದೆ ಎಂದು ಕೇಳಿ. ಹೋಗುವಾಗ ಮಗು ಬತ್ತಿ ಹೊಸೆಯುವುದನ್ನು, ಕಾಗದ ಹರಿಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಕೈ ಮುಚ್ಚಿಕೊಂಡು ಕೂತರೂ, ಯಾವ ಬೆರಳು ದುಡಿಯುತ್ತಿದೆ, ಯಾವುದು ಹಿಂದೆ ಉಳಿದಿದೆ ಎಂದು ಥೆರಪಿಸ್ಟ್ ಅದರಲ್ಲೇ ನೋಡಬಹುದು.