ಮನೆಯ ಹಿರಿಯರು ಪಿತೂರಿಯ ಮಾತನ್ನು ನಂಬಿದಾಗ ಅವರೊಡನೆ ಮಾತನಾಡುವ ಬಗೆ

ಮಂಗನ ಕಾಯಿಲೆ ತಾನಾಗಿ ಬಂದದ್ದಲ್ಲ, ವಿದೇಶದವರು ನಮ್ಮ ಕಾಡಿನಲ್ಲಿ ತಂದು ಬಿಟ್ಟದ್ದು ಎಂದು ಸಿದ್ದಾಪುರದ ನಿಮ್ಮ ಸೋದರಮಾವ ಹೇಳಿದರೆಂದುಕೊಳ್ಳಿ. ಸುಳ್ಳೆಂದು ತಳ್ಳಿಹಾಕುವ ಮೊದಲು, ಆ ಮಾತು ಅವರಿಗೆ ಏಕೆ ನಿಜವೆನಿಸಿತು ಎಂಬುದನ್ನು ತಿಳಿದುಕೊಳ್ಳಬೇಕು.

ಅದರಲ್ಲಿರುವ ನಿಜದ ಪಾಲನ್ನು ಮೊದಲು ಒಪ್ಪಿಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಕಾಣಿಸಿಕೊಂಡಾಗ ವೈರಾಣುವನ್ನು ಗುರುತಿಸಿದ ಪುಣೆಯ ಸಂಶೋಧನಾ ಕೇಂದ್ರಕ್ಕೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿತ್ತು. ಆ ವೈರಾಣು ರಷ್ಯಾದ ಒಂದು ಮಿದುಳು ಜ್ವರದ ವೈರಾಣುವಿನ ಹತ್ತಿರದ ಬಳಗಕ್ಕೆ ಸೇರಿದ್ದೆಂಬುದೂ ತಿಳಿದುಬಂತು. ಅಮೆರಿಕ, ರಷ್ಯಾಗಳ ನಡುವೆ ಶೀತಲ ಸಮರ ನಡೆಯುತ್ತಿದ್ದ ಆ ದಿನಗಳಲ್ಲಿ ಅನುಮಾನ ಮೂಡಿದ್ದು ಸಹಜ. ಗುಟ್ಟಾಗಿ ನಡೆಯುವ ಕೆಡುಕು ಕಲ್ಪನೆ ಮಾತ್ರವೂ ಅಲ್ಲ. 2009ರ ನವೆಂಬರಿನಲ್ಲಿ ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣ ಸೂಸುವ ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಅಧಿಕಾರಿಗಳೇ ಹೇಳಿದ್ದರು. ಆದರೆ ಅದು ಬಯಲಾದದ್ದು ಸಿಬ್ಬಂದಿಯ ಮೂತ್ರ ಪರೀಕ್ಷೆಯಿಂದ. ನಿಜವಾದ ಪಿತೂರಿ ಅಳೆದು ನೋಡಬಹುದಾದ ಗುರುತನ್ನು ಬಿಟ್ಟುಹೋಗುತ್ತದೆಂಬುದನ್ನು ಮಾವನಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚದು.

ಇನ್ನು ನಂಬಿಕೆಯ ಬೇರು. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೆ ಹೋಗದೆ, ದರಕು ಅಂದರೆ ಒಣಗಿದ ಎಲೆ ತಾರದೆ ಅಡಿಕೆ ತೋಟ ನಡೆಯದು. ಈ ರೋಗವನ್ನು ಹರಡುವುದು ಉಣುಗು, ಅಂದರೆ ಉಣ್ಣಿ; ಅಲ್ಲಿ ಕಾಯುತ್ತಿರುವ ಮರಿ ಉಣುಗಾದರೋ ಎಳ್ಳಿಗಿಂತ ಚಿಕ್ಕದು. ಅಷ್ಟು ಸಣ್ಣ ಜೀವಿಯಿಂದ ಊರಿನ ಗಟ್ಟಿ ಆಳೊಬ್ಬ ಹಾಸಿಗೆ ಹಿಡಿದನೆಂದರೆ ಮನಸ್ಸು ಒಪ್ಪುವುದಿಲ್ಲ, ದೊಡ್ಡ ದುಃಖಕ್ಕೆ ದೊಡ್ಡ ಕಾರಣವನ್ನೇ ಹುಡುಕುತ್ತದೆ. ಕಾರಣವೇ ಇಲ್ಲದ ಭಯಕ್ಕಿಂತ ಹೆಸರಿರುವ ಶತ್ರುವನ್ನು ಸಹಿಸುವುದು ಸುಲಭ. ಇದರ ಜೊತೆಗೆ, ಪದೇಪದೇ ಕೇಳಿದ ಹೇಳಿಕೆ ಸುಳ್ಳಾದರೂ ಹೆಚ್ಚು ನಿಜವೆನಿಸುತ್ತದೆಂಬುದನ್ನು 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದರು. ಒಂದೇ ಸಂದೇಶ ಮೂರು ವಾಟ್ಸಾಪ್ ಗುಂಪುಗಳಿಂದ ಬಂದಾಗ ಮಾವನಿಗೆ ಮೂವರು ಸಾಕ್ಷಿ ಹೇಳಿದಂತೆ ತೋರುವುದು ಇದರಿಂದಲೇ. ಇದಕ್ಕೂ ಬುದ್ಧಿಯ ಕೊರತೆಗೂ ಸಂಬಂಧವಿಲ್ಲ, ಹಾಗೆಂದು ಯಾರನ್ನೂ ಹೀಯಾಳಿಸಬಾರದು.

ಮಾತಿಗೆ ಹೊತ್ತು ಆರಿಸಿಕೊಳ್ಳಿ. ಮದುವೆ ಮನೆಯ ಪಂಕ್ತಿಯಲ್ಲಿ, ನಾಲ್ಕು ಜನರೆದುರು ತಿದ್ದಿದರೆ ಅವರಿಗೆ ಮಾನವನ್ನು ಉಳಿಸಿಕೊಳ್ಳುವುದೇ ಮುಖ್ಯವಾಗುತ್ತದೆ. ಊಟವಾಗಿ ಜಗಲಿಯಲ್ಲಿ ಕವಳ ಹಾಕುವಾಗ, ಇಬ್ಬರೇ ಇದ್ದಾಗ, “ಮಾವ, ಇದು ನಿಜವಲ್ಲ ಎಂದು ನಿಮಗೆ ಅನಿಸಬೇಕಾದರೆ ಏನು ಕಾಣಬೇಕು?” ಎಂದು ಕೇಳಿ ಸುಮ್ಮನಿರಿ. ಎದುರಿನ ಪುರಾವೆಯೂ ಪಿತೂರಿಯ ಭಾಗವೇ ಎಂದು ಅವರು ಹೇಳಿದರೆ ವಾದ ಮುಂದುವರಿಸಬೇಡಿ. ಆ ಬಾಗಿಲಿನಿಂದ ಒಳಗೆ ಹೋಗಲಾಗದು.

ಆಗ ಪ್ರಶ್ನೆಯನ್ನು ಎರಡಾಗಿ ಬಿಡಿಸಿ. ರೋಗ ಮೊದಲು ಎಲ್ಲಿಂದ ಬಂತು ಎಂಬುದು ಒಂದು, ಈ ವರ್ಷ ನಮ್ಮ ಮೈಗೆ ಹೇಗೆ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಅವರ ಪಾಲಿಗೇ ಬಿಟ್ಟು ಎರಡನೆಯದನ್ನು ಅವರ ಅನುಭವದಿಂದಲೇ ಹೊರಡಿಸಿ: ಕಾಯಿಲೆ ಏರುವುದು ಯಾವ ತಿಂಗಳುಗಳಲ್ಲಿ, ಮಳೆ ಹಿಡಿದ ಮೇಲೆ ಏನಾಗುತ್ತದೆ, ಮೇದು ಬಂದ ದನಗಳ ಮೈಮೇಲೆ ಏನಿರುತ್ತದೆ? ಕಾಡು ಕಂಡವರಾದ್ದರಿಂದ ಉತ್ತರ ಅವರ ಬಾಯಿಂದಲೇ ಬರುತ್ತದೆ. ಯಾರ ಮೇಲೆ ಅನುಮಾನವಿದ್ದರೂ ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಬೇಕು, ಬಂದೊಡನೆ ಬಿಸಿನೀರು, ಸಾಬೂನಿನಿಂದ ಮೀಯಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಎಂಬಷ್ಟಕ್ಕೆ ಮಾವ ಒಪ್ಪಿದರೆ ಆ ದಿನದ ಮಾತನ್ನು ಅಲ್ಲಿಗೇ ನಿಲ್ಲಿಸಿ, ತೈಲದ ಬಾಟಲಿಯನ್ನು ಅವರ ಕತ್ತಿಯ ಪಕ್ಕದಲ್ಲಿಟ್ಟು ಬನ್ನಿ.