ಅಡುಗೆಮನೆಯ ಕ್ಯಾಲೆಂಡರ್ ನಮ್ಮ ಕಾಫಿಗೆ ಸರ್ಟಿಫಿಕೇಟ್ ತಂದಿತು

ಕಾಫಿ ಸರ್ಟಿಫಿಕೇಟಿಗಾಗಿ ನಡೆಯುವ ಆಡಿಟ್ ಈ ಸಲ ಮುಗಿದು ಹದಿನೈದು ದಿನವಾಯಿತು. ನಮ್ಮ ಗುಂಪಿನ 40 ಚಿಲ್ಲರೆ ಮನೆಗಳೂ ಪಾಸು. ಎಲ್ಲರೂ ಮೂಡಿಗೆರೆ ಕಡೆಯ ಎರಡು, ಮೂರು, ಐದು ಎಕರೆಯವರು. "ಅದೆಲ್ಲ ದೊಡ್ಡ ಎಸ್ಟೇಟಿನವರಿಗೆ ಮಾರಾಯ, ನಮಗಲ್ಲ" ಎಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ನಾವು ಹೋಗಿದ್ದು ರೈನ್‌ಫಾರೆಸ್ಟ್ ಅಲೈಯನ್ಸ್‌ನ ಕಪ್ಪೆ ಮುದ್ರೆಗೆ, ಅಂದರೆ ಕಾಡಿಗೂ ಕೆಲಸದವರಿಗೂ ಹಾನಿಯಾಗದಂತೆ ಬೆಳೆದ ಮಾಲಿಗೆ ಸಿಗುವ ಗುರುತಿಗೆ. ಮೊದಲ ವರ್ಷ ಸೋತೆವು. ನೆರಳಿನ ವಿಷಯದಲ್ಲಿ ಅಲ್ಲ. ಹಲಸು, ಅತ್ತಿ, ನಂದಿ ನಮ್ಮ ತೋಟಗಳಲ್ಲಿ ಅಜ್ಜನ ಕಾಲದಿಂದ ಇವೆ, ನೆರಳು ಮರದ ಕೊಂಬೆ ಸವರುವ ಮರಗಸಿ ನಮಗೆ ಯಾರೂ ಕಲಿಸಬೇಕಾಗಿಲ್ಲ. ಸೋತದ್ದು ಒಂದು ಕ್ಯಾನಿನಿಂದ. ಆಡಿಟರ್ ಒಂದು ಲೈನ್ ಮನೆಯ (ತೋಟದ ಕೆಲಸದವರ ಮನೆ) ಹಿಂದೆ ಹೋದರು. ಐದು ಲೀಟರಿನ ಬಿಳಿ ಕ್ಯಾನು, ಬಾಯಿ ಕೊಯ್ದು ಸ್ನಾನದ ನೀರಿಗೆ ಇಟ್ಟಿದ್ದರು. ಅರ್ಧ ಹರಿದ ಲೇಬಲ್ಲಿನಲ್ಲಿ ಪ್ಯಾರಾಕ್ವಾಟ್ ಅಂತ ಇನ್ನೂ ಓದಲು ಬರುತ್ತಿತ್ತು, ಕಳೆ ಸಾಯಿಸುವ ವಿಷ ಅದು. ಪಕ್ಕದಲ್ಲೇ ಒಂದು ಮಗು ನಿಂತಿತ್ತು. ಆ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಫೀಸು, ಓಡಾಟ ಸೇರಿ ತಲೆಗೆ ಸುಮಾರು 4,000 ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಎರಡನೇ ವರ್ಷ ಕ್ಯಾನುಗಳನ್ನೆಲ್ಲ ಒಟ್ಟು ಮಾಡಿದೆವು, ಆ ಔಷಧಿಯನ್ನೇ ಬಿಟ್ಟೆವು. ಆಗ ಲೆಕ್ಕದಲ್ಲಿ ಸಿಕ್ಕಿಬಿದ್ದೆವು. ಮನೆಮನೆಗೆ ಕೊಟ್ಟ ರಿಜಿಸ್ಟರುಗಳು ಖಾಲಿ. ಬೈದ ಮೇಲೆ ತುಂಬಿಸಿ ತಂದರು. ಹನ್ನೆರಡು ತಿಂಗಳ ಲೆಕ್ಕ, ಒಂದೇ ಪೆನ್ನು, ಒಂದೇ ರಾತ್ರಿ! ನಾನೇ ಒಪ್ಪಲಿಲ್ಲ, ಆ ವರ್ಷ ಆಡಿಟ್ಟಿಗೆ ಹೋಗಲಿಲ್ಲ.

ದಾರಿ ತೋರಿಸಿದ್ದು ನನ್ನ ಹೆಂಡತಿ. ಡೈರಿಗೆ ಹಾಕಿದ ಹಾಲು, ಗ್ಯಾಸ್ ಬಂದ ದಿನ ಎಲ್ಲವನ್ನೂ ಅವಳು ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾಳೆ. "ಇದರಲ್ಲೇ ಬರೀಬಹುದಲ್ವಾ?" ಎಂದಳು. ಗೊಬ್ಬರಕ್ಕೆ ಗೊ, ಕಳೆಗೆ ಕ, ಔಷಧಿಗೆ ಔ, ಕೆಳಗೆ ಆಳು ಎಷ್ಟು, ಕೂಲಿ ಎಷ್ಟು. ತಿಂಗಳ ಕೊನೆಗೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ಹೆಂಗಸರು ಒಂದು ದಿನವೂ ತಪ್ಪಿಸಲಿಲ್ಲ. ಈ ಸಲ ಆಡಿಟರ್ ಏಳು ಮನೆ ಆರಿಸಿಕೊಂಡರು. ಮೊಳೆಯಿಂದ ಕ್ಯಾಲೆಂಡರ್ ಇಳಿಸಿ, ಕೆಲಸದವರನ್ನು ಬೇರೆ ಕೂರಿಸಿ ಕೇಳಿದರು. ಎಲ್ಲ ತಾಳೆಯಾಯಿತು. ಅರಿಶಿನದ ಕಲೆ ಬಿದ್ದ ಆ ಹಾಳೆಗಳನ್ನು ನಾನು ಎತ್ತಿಟ್ಟಿದ್ದೇನೆ.

ಕಳೆಗೆ ಈಗ ವೀಡ್ ಕಟರ್. ಎಕರೆಗೆ ಒಂದು ಸಲಕ್ಕೆ ಸಾವಿರದಷ್ಟು ಜಾಸ್ತಿ ಬೀಳುತ್ತದೆ. ಖರ್ಚು ಇಳಿಸಲು ಅರ್ಧ ಎಕರೆಯಲ್ಲಿ ಸಾಲು ಬಿಟ್ಟು ಸಾಲು ಹೊಡೆಸಿ ನೋಡಿದೆ. ಮಣ್ಣು ಚೆನ್ನಾಗಿ ತಂಪಾಗಿತ್ತು, ಆದರೆ ಹಾವಿನ ಭಯಕ್ಕೆ ಹಣ್ಣು ಕೊಯ್ಯಲು ಯಾರೂ ಒಳಗೆ ಇಳಿಯಲಿಲ್ಲ. ಬಿಟ್ಟೆ. ಕಾಯಿಕೊರಕಕ್ಕೆ ಬಲೆ ಕಟ್ಟಿದ್ದು ಮಾತ್ರ ಗೆದ್ದಿತು. ಒಳಗಿನ ದ್ರಾವಣದ ಅಳತೆ ಇನ್ನೊಂದು ಬೆಳೆ ನೋಡಿ ಹೇಳುತ್ತೇನೆ.

ಜಾಗದ ಗುರುತೂ ಈಗಲೇ ಹಿಡಿದಿಟ್ಟುಕೊಳ್ಳಿ. ಯುರೋಪಿನ ಹೊಸ ಕಾನೂನು ಕಾಫಿಗೂ ಇದೆ. ಅದು ಜಾರಿಯಾದ ಮೇಲೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಮಾಲು ಅಲ್ಲಿಗೆ ಹೋಗುವಂತಿಲ್ಲ. ನಾಲ್ಕು ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಒಂದು ಜಿಪಿಎಸ್ ಬಿಂದು ಸಾಕು, ಮೊಬೈಲಿನಲ್ಲೇ ಆಗುತ್ತದೆ.

ಇನ್ನು ದುಡ್ಡು. ಮುದ್ರೆಗೆ ಹೆಚ್ಚಾಗಿ ಸಿಗುವ ಪ್ರೀಮಿಯಂ ಮೂಟೆಗೆ 150 ರೂಪಾಯಿಯ ಆಸುಪಾಸು. ನನ್ನ ನಾಲ್ಕು ಎಕರೆ ರೊಬಸ್ಟಾದ 45 ಮೂಟೆಗೆ ಆರೂವರೆ ಸಾವಿರ ಬಂತು, ಅದೂ ಮೂರು ತಿಂಗಳು ತಡವಾಗಿ. ಇಷ್ಟೇ ಆಗಿದ್ದರೆ ನಾನೂ ಬಿಡುತ್ತಿದ್ದೆ. ನಿಜವಾದ ಲಾಭ ಔಟ್‌ಟರ್ನಿನಲ್ಲಿ, ಅಂದರೆ ಐವತ್ತು ಕೆ.ಜಿ.ಯ ಒಂದು ಮೂಟೆ ಒಣ ಹಣ್ಣಿನ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವ ಲೆಕ್ಕದಲ್ಲಿ. ಊರಿನ ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ 25 ಅನ್ನುತ್ತಿದ್ದ. ಗುಂಪಾಗಿ ಮಾಲು ಸೇರಿಸಿ ಎದುರಿಗೇ ಸ್ಯಾಂಪಲ್ಲಿನ ಸಿಪ್ಪೆ ತೆಗೆಸಿ (ಹಲ್ಲಿಂಗ್) ನೋಡಿದಾಗ 27 ಬಂತು. ಆ ಎರಡು ಕೆ.ಜಿ.ಗೆ ಮೂಟೆಗೆ 600-700 ರೂಪಾಯಿ! ಇಷ್ಟು ವರ್ಷ ಎಷ್ಟು ಕಳೆದುಕೊಂಡೆವೋ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಖರೀದಿದಾರರ ಹತ್ತಿರ ದರ ಹೇಗೆ ಮಾತಾಡಿದೆವು ಅನ್ನುವುದು ಗುಂಪಿನೊಳಗಿನ ಮಾತು, ಇಲ್ಲಿ ಬೇಡ.

ಜನವರಿಯಿಂದ ಮೇಲಿನ ಹಳ್ಳಿಯ 11 ಮನೆ ಸೇರುತ್ತಿವೆ. ಕ್ಯಾಲೆಂಡರ್ ತಂದಿಟ್ಟಾಗಿದೆ. ಅದಕ್ಕೂ ಮೊದಲು ಅವರ ಲೈನ್ ಮನೆಗಳ ಹಿಂದೆ ಒಂದು ಸುತ್ತು ಹೋಗಿ ಬರಬೇಕು.