ತೋರಿಸುವ ಮೊದಲು ಅರ್ಜಿ: ಅಡಿಕೆ ಸುಲಿಯುವ ಯಂತ್ರದ ಪೇಟೆಂಟ್, ನನ್ನ ಅನುಭವ

ಹೂಡಿಕೆದಾರರ ಬಳಿ ಹೋಗುವ ಮೊದಲು ಪೇಟೆಂಟ್ ಅರ್ಜಿ ಹಾಕುತ್ತೇನೆ ಎಂದಾಗ, ಸಾಗರದ ಕಡೆ ಯಂತ್ರ ಮಾಡುವ ನನ್ನ ಸ್ನೇಹಿತರೆಲ್ಲ ‘ಆ ದುಡ್ಡಲ್ಲಿ ಇನ್ನೆರಡು ಮಷಿನ್ ಮಾಡಿ ಮಾರು ಮಾರಾಯ’ ಎಂದಿದ್ದರು. ಈಗ ಹೂಡಿಕೆಯ ಒಪ್ಪಂದಕ್ಕೆ ಸಹಿಯಾಗಿರುವುದರಿಂದ, ನಾನು ಸಾಗಿದ ದಾರಿಯನ್ನು ಬರೆದಿಡುತ್ತಿದ್ದೇನೆ.

ಮೊದಲ ಯಂತ್ರದ ಪೇಟೆಂಟನ್ನು ನಾನೇ ಕೈಯಾರೆ ಕಳೆದುಕೊಂಡೆ. ಅದನ್ನು ಮೇಳವೊಂದರಲ್ಲಿ ಓಡಿಸಿ ತೋರಿಸಿದೆ, ಯಾರೋ ತೆಗೆದ ವಿಡಿಯೊವನ್ನು ಹೆಮ್ಮೆಯಿಂದ ಎಲ್ಲರಿಗೂ ಹಂಚಿದೆ. ಎಂಟು ತಿಂಗಳ ನಂತರ ಪೇಟೆಂಟ್ ಏಜೆಂಟರು ಆ ವಿಡಿಯೊದ ದಿನಾಂಕ ನೋಡಿ, ಇದು ಆಗಲೇ ಬಹಿರಂಗವಾಗಿದೆ, ಪೇಟೆಂಟಿಗೆ ಬೇಕಾದ ಹೊಸತನ ಇನ್ನು ಉಳಿದಿಲ್ಲ ಎಂದರು. ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿಯನ್ನು ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ಕೊಡುತ್ತದೆ, ಆದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ; ನಾನು ಹೋಗಿದ್ದ ಮೇಳಕ್ಕೆ ಅಂಥ ಅಧಿಸೂಚನೆ ಇರಲಿಲ್ಲ. ಅಚ್ಚು, ಮೋಟಾರು, ಓಡಾಟವೆಲ್ಲ ಸೇರಿ ಸುಮಾರು ಒಂದೂವರೆ ಲಕ್ಷ ಹೋಯಿತು. ಆಗಲೇ ಒಬ್ಬರ ಮಾತು ಕೇಳಿ, ನಕ್ಷೆಗಳನ್ನು ಲಕೋಟೆಯಲ್ಲಿ ಅಂಟಿಸಿ ನನ್ನದೇ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೆ. ಮೊದಲು ಅರ್ಜಿ ಹಾಕಿದವರಿಗೇ ಹಕ್ಕು ಸಿಗುವ ಪದ್ಧತಿಯಲ್ಲಿ ಆ ಅಂಚೆ ಮುದ್ರೆಯಿಂದ ಪೇಟೆಂಟ್ ಬಾರದು. ಲಕೋಟೆ ಇನ್ನೂ ಒಡೆಯದೆ ಕಪಾಟಿನಲ್ಲಿದೆ.

ಎರಡನೆಯ ಯಂತ್ರದಲ್ಲಿ, ಕಾಯಿಯ ಗಾತ್ರಕ್ಕೆ ತಕ್ಕಂತೆ ಬ್ಲೇಡಿನ ಅಂತರವನ್ನು ತಾನಾಗಿ ಬದಲಿಸುವ ಸನ್ನೆಯನ್ನು (ಲಿವರ್) ಕೂರಿಸಿದೆ. ಸಣ್ಣ ಕಾಯಿಗೆ ಗಾಯವಾಗುವುದು ನಿಂತಿತು. ಈ ಸಲ ಯಾರಿಗೂ ತೋರಿಸದೆ, ಅಗ್ಗಕ್ಕೆ ಮಾಡಿಕೊಡುವ ಸಲಹೆಗಾರರೊಬ್ಬರಿಂದ ಪ್ರಾವಿಷನಲ್ ಅರ್ಜಿ, ಅಂದರೆ ಪೂರ್ಣ ಅರ್ಜಿಗೆ ಮೊದಲು ದಿನಾಂಕ ಕಾಯ್ದಿರಿಸುವ ತಾತ್ಕಾಲಿಕ ಅರ್ಜಿ, ಹಾಕಿಸಿದೆ. ಅವರು 18 ಸಾವಿರ ತೆಗೆದುಕೊಂಡು ಬರೆದದ್ದು ಒಂದೂವರೆ ಪುಟ. ಅದರಲ್ಲಿ ಸನ್ನೆಯ ಪ್ರಸ್ತಾಪವೇ ಇರಲಿಲ್ಲ. ಪ್ರಾವಿಷನಲ್‌ನಲ್ಲಿ ಇಲ್ಲದ ಅಂಶಕ್ಕೆ ಅದರ ದಿನಾಂಕ ಸಿಗುವುದಿಲ್ಲ. ಯಂತ್ರ ಗುಟ್ಟಾಗಿಯೇ ಇದ್ದುದರಿಂದ ಆ ಅರ್ಜಿಯನ್ನು ಬಿಟ್ಟುಬಿಟ್ಟು ಹೊಸದಾಗಿ ಹಾಕಲು ಸಾಧ್ಯವಾಯಿತು.

ಮೂರನೆಯ ಸಲ ಪ್ರಾವಿಷನಲ್ ಅರ್ಜಿಯನ್ನು ನಾನೇ ಬರೆದೆ. ಕೊಯ್ಲಿನ ದಿನಗಳಲ್ಲಿ, ರಾತ್ರಿ ಅಡಿಕೆ ಬೇಯಿಸುವ ಒಲೆಯ ಬದಿಗೆ ಕುಳಿತು, ಯಂತ್ರವನ್ನು ಕೈಯಿಂದಲೇ ತಿರುಗಿಸುತ್ತ, ಒಂದೊಂದು ಕಾಯಿಗೂ ಸನ್ನೆ ಎಷ್ಟು ಸರಿಯುತ್ತದೆಂದು ಕಾರ್ಬನ್ ಕಾಗದದ ಮೇಲೆ ಗುರುತು ಹಾಕಿಕೊಂಡೆ. ಮೂರು ವಾರದಲ್ಲಿ 14 ಚಿತ್ರ, 20ಕ್ಕೂ ಹೆಚ್ಚು ಪುಟಗಳಾದವು. ಸನ್ನೆಗೆ ಸ್ಪ್ರಿಂಗ್ ಬದಲು ರಬ್ಬರ್ ಹಾಕಿದರೆ, ತೂಕ ಕಟ್ಟಿದರೆ, ಗಾಳಿಯ ಒತ್ತಡ ಕೊಟ್ಟರೆ ಹೇಗೆಂಬುದನ್ನೂ ಬರೆದೆ, ಏಕೆಂದರೆ ನಕಲು ಮಾಡುವವರು ಮೊದಲು ಬದಲಿಸುವುದು ಅದನ್ನೇ. ಚಿತ್ರಗಳನ್ನು ನೋಡಿದ ಏಜೆಂಟರು ಒಂದು ಗೆರೆಯನ್ನೂ ತಿದ್ದಲಿಲ್ಲ. ಅರ್ಜಿಯ ಸರ್ಕಾರಿ ಶುಲ್ಕ 1,600 ರೂಪಾಯಿ. ವರ್ಷದೊಳಗೆ ಪೂರ್ಣ ಅರ್ಜಿಯ ಕ್ಲೇಮುಗಳನ್ನು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆಂದು ಹೇಳುವ ವಾಕ್ಯಗಳನ್ನು, ಬರೆಸಲು ಏಜೆಂಟರಿಗೆ ಸುಮಾರು 30 ಸಾವಿರ ಕೊಟ್ಟೆ. ಹಣ ಉಳಿಸಬಾರದ ಜಾಗ ಅದೊಂದೇ.

ಯಂತ್ರದ ಹೊರಮೈಗೆ ಡಿಸೈನ್ ನೋಂದಣಿಯನ್ನೂ ಮಾಡಿಸಿ ನೋಡಿದೆ. ಸಾವಿರ ರೂಪಾಯಿ ಶುಲ್ಕಕ್ಕೆ 10 ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅದು ಕಾಯುವುದು ರೂಪವನ್ನು, ಕೆಲಸವನ್ನಲ್ಲ.

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಮೂರು ಲೇತ್ ಅಂಗಡಿಗಳಿಗೆ ಬಿಡಿಭಾಗಗಳನ್ನು ಹಂಚಿ ಕೊಟ್ಟು, ಗೋಪ್ಯತೆಗೂ ಹಕ್ಕಿಗೂ ಪ್ರತ್ಯೇಕ ಕರಾರು ಬರೆಸಿಕೊಂಡೆ. ಯಾವ ಭಾಗ ಯಾರಿಗೆ ಎಂಬುದನ್ನೂ ಸ್ಪ್ರಿಂಗ್‌ಗಳನ್ನು ಆರಿಸುವ ಕ್ರಮವನ್ನೂ ಇಲ್ಲಿ ಹೇಳಲಾರೆ.

ನಾಲ್ವರು ಹೂಡಿಕೆದಾರರಲ್ಲಿ ಒಬ್ಬರೂ ಗೋಪ್ಯತೆಯ ಕರಾರಿಗೆ ಸಹಿ ಹಾಕಲಿಲ್ಲ. ಅರ್ಜಿ ಸಂಖ್ಯೆ ಕೈಯಲ್ಲಿದ್ದುದರಿಂದ ಅಳುಕಿಲ್ಲದೆ ಯಂತ್ರ ಓಡಿಸಿದೆ. ಒಪ್ಪಿದವರ ವಕೀಲರು ಮೊದಲು ಕೇಳಿದ್ದು ಅರ್ಜಿ ಯಾರ ಹೆಸರಲ್ಲಿದೆ ಎಂದು. ಅದು ನನ್ನ ಹೆಸರಲ್ಲಿತ್ತು; ಲಿಖಿತ ಹಸ್ತಾಂತರ ಪತ್ರ ಮಾಡಿ, ಅರ್ಜಿದಾರರ ಹೆಸರು ಬದಲಿಸುವ ಫಾರಂ 6 ಮೂಲಕ ನಮ್ಮ ಕಂಪನಿಗೆ ವರ್ಗಾಯಿಸಿದೆವು. ಹಣ ಗಡುವಿನೊಳಗೆ ಬಾರದಿದ್ದರೆ ಹಕ್ಕು ನನಗೇ ಮರಳಬೇಕೆಂಬ ಷರತ್ತನ್ನು ಪಟ್ಟು ಹಿಡಿದು ಸೇರಿಸಿದೆ. ಪೇಟೆಂಟ್ ಕಚೇರಿ ಅರ್ಜಿಯನ್ನು ಪರಿಶೀಲಿಸುವ ಪರೀಕ್ಷೆಯನ್ನು ಕೋರಲು 31 ತಿಂಗಳ ಅವಕಾಶವಿದ್ದರೂ, ಸ್ಟಾರ್ಟಪ್ ಮಾನ್ಯತೆಯ ಬಲದಿಂದ 8,000 ರೂಪಾಯಿ ಕಟ್ಟಿ ತ್ವರಿತ ಪರೀಕ್ಷೆ ಕೋರಿದ್ದೇವೆ. ಚೆನ್ನೈ ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ ಬರುವಷ್ಟರಲ್ಲಿ, ಮುಂದಿನ ಕೊಯ್ಲಿಗೆ ಎಂಟು ಯಂತ್ರಗಳು ಸಿದ್ಧವಾಗಬೇಕಿವೆ.